ಏಳು ವರ್ಷದ ಮಗನನ್ನು ಆಕ್ಸ್‌ಫರ್ಡ್‌ನ ಕೆಥೆಡ್ರಲ್ ಕ್ವಾಯರ್ ಶಾಲೆಗೆ ಸೇರಿಸಬಹುದೇ?

ಪ್ರಶ್ನೆ: ರೆಡಿಂಗ್‌ನಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದೇವೆ. ನಮ್ಮ ಮಗನಿಗೆ ಬರುವ ತಿಂಗಳು ಏಳೂವರೆ ವರ್ಷ ತುಂಬುತ್ತದೆ. ಎರಡು ವರ್ಷಗಳಿಂದ ವಾರಕ್ಕೊಮ್ಮೆ ಕರ್ನಾಟಕ ಸಂಗೀತ ಕಲಿಯುತ್ತಿದ್ದಾನೆ. ಸರಳೆ ವರಸೆಗಳು ಮುಗಿದು ಜಂಟಿ ವರಸೆಗಳು ನಡೆಯುತ್ತಿವೆ. ಕಳೆದ ವಾರ ಅವನ ಶಾಲೆಯ ಸಂಗೀತದ ಮೇಷ್ಟ್ರು ನಮ್ಮನ್ನು ಕರೆಸಿ, ಇವನ ಧ್ವನಿಯೂ ಕಿವಿಯೂ ಬಹಳ ಚೆನ್ನಾಗಿವೆ, ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ಶಾಲೆಯಲ್ಲಿ ನಡೆಯುವ ಧ್ವನಿ ಪರೀಕ್ಷೆಗೆ ಒಮ್ಮೆ ಕರೆದುಕೊಂಡು ಹೋಗಿ ಎಂದರು.

ಆ ಶಾಲೆಯ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಗಾಯಕವೃಂದದಲ್ಲಿ, ಹಾಡುವ ಹುಡುಗರು ಓದುವ ಶಾಲೆ ಅದು. ಗಾಯಕರಾಗಿ ಆಯ್ಕೆಯಾದ ಹುಡುಗರು ಎಂಟನೆಯ ವಯಸ್ಸಿನಿಂದ ಹದಿಮೂರರವರೆಗೆ ಶಾಲೆಯ ಬೋರ್ಡಿಂಗ್‌ನಲ್ಲೇ ಇರಬೇಕೆಂದು ಮೇಷ್ಟ್ರು ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮವರಿಗೆ ಆಸೆಯಿದೆ, ಮಗನಿಗೆ ಕುತೂಹಲವಿದೆ, ನನಗೆ ಭಯವಿದೆ. ನಾವು ಹಿಂದೂಗಳು, ಮನೆಯಲ್ಲಿ ದಿನವೂ ಪೂಜೆ ನಡೆಯುತ್ತದೆ. ದಿನನಿತ್ಯದ ಕ್ರೈಸ್ತ ಆರಾಧನೆಯಲ್ಲಿ ಹಾಡುವ ಹುಡುಗನ ಮನಸ್ಸಿನಲ್ಲಿ ಅದು ಹೇಗೆ ಕೂರುತ್ತದೆ? ಅಲ್ಲಿಯ ರೀತಿಯಲ್ಲಿ ಪಳಗಿದ ಕಂಠಕ್ಕೆ ಮುಂದೆ ನಮ್ಮ ಸಂಗೀತ ಒಗ್ಗುತ್ತದೆಯೇ? ಎಂಟು ವರ್ಷದ ಮಗುವನ್ನು ಮನೆಯಿಂದ ದೂರವಿಡುವುದು ಸರಿಯೇ? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಮಂಗಳೂರಿನ ಮೂಲದವರು, ಇಂಗ್ಲೆಂಡಿನ ಒಂದು ಕೆಥೆಡ್ರಲ್‌ನಲ್ಲಿ ಟೆನರ್ ಗಾಯಕರು

ಮೇಡಂ, ನಾನು ಬಾಸೆಲ್ ಮಿಶನ್ ಪರಂಪರೆಯ ಕುಟುಂಬದವನು. ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಕೂಡಿಸಿ ನಾಲ್ಕು ಧ್ವನಿಗಳಲ್ಲಿ ಹಾಡುವ ಅಭ್ಯಾಸವನ್ನು ನಮ್ಮ ಸಭೆಗಳಲ್ಲಿ ಬೆಳೆಸಿದರು. ಆ ಬೆಂಚಿನ ಮೇಲೆ ಕುಳಿತು ಕಲಿತ ಹಾಡುಗಾರಿಕೆಯೇ ನನ್ನನ್ನು ಇಲ್ಲಿಗೆ ತಂದಿತು. ನಾನು ಹಾಡುವುದು ಬೇರೊಂದು ಊರಿನಲ್ಲಾದರೂ ದಿನಚರಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ತಿಳಿದದ್ದನ್ನು ಬರೆಯುತ್ತೇನೆ.

ಕ್ರೈಸ್ಟ್ ಚರ್ಚ್‌ನ ಸಂಗತಿಯೇ ವಿಶೇಷವಾದದ್ದು. ಅಲ್ಲಿಯ ಕೆಥೆಡ್ರಲ್ ಆಕ್ಸ್‌ಫರ್ಡ್ ಡಯೊಸೀಸಿನ, ಅಂದರೆ ಅಲ್ಲಿಯ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರಾಂತದ, ಮುಖ್ಯ ದೇವಾಲಯವೂ ಹೌದು, ಒಂದು ಕಾಲೇಜಿನ ಪ್ರಾರ್ಥನಾ ಮಂದಿರವೂ ಹೌದು. ರಾಜ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿ ಅಲ್ಲಿದ್ದ ಸಂತ ಫ್ರೈಡ್‌ಸ್ವೈಡಳ ಮಠವನ್ನು ಮುಚ್ಚಿಸಿ 1525ರಲ್ಲಿ ಕಾರ್ಡಿನಲ್ ಕಾಲೇಜ್ ಎಂಬ ಕಾಲೇಜನ್ನು ಕಟ್ಟಿಸತೊಡಗಿದನು. ಮರುವರ್ಷವೇ ಜಾನ್ ಟ್ಯಾವರ್ನರ್ ಎಂಬ ಶ್ರೇಷ್ಠ ಸಂಗೀತ ರಚನಕಾರನನ್ನು ಗಾಯಕವೃಂದದ ಗುರುವಾಗಿ ಕರೆಸಿದನು. ವುಲ್ಸಿ ಪದಚ್ಯುತನಾದ ಮೇಲೆ ಎಂಟನೆಯ ಹೆನ್ರಿ 1546ರಲ್ಲಿ ಕಾಲೇಜನ್ನೂ ಕೆಥೆಡ್ರಲ್ಲನ್ನೂ ಒಂದಾಗಿ ಪುನಃ ಸ್ಥಾಪಿಸಿದಾಗ, ಹಾಡುವ ಬಾಲಕರ ವಿದ್ಯಾಭ್ಯಾಸಕ್ಕೂ ಏರ್ಪಾಟಾಯಿತು. ಇಂದಿನ ಶಾಲೆಯ ಮೂಲ ಅದು. ಸೇಂಟ್ ಆಲ್ಡೇಟ್ಸ್ ರಸ್ತೆಯಿಂದ ಒಳಕ್ಕೆ ಹೊರಳುವ ಬ್ರೂವರ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿಯಲ್ಲಿ ಶಾಲೆಯಿದೆ. ಹುಡುಗರು ದಿನವೂ ಆ ರಸ್ತೆ ದಾಟಿ ಕೆಥೆಡ್ರಲ್‌ಗೆ ನಡೆದುಹೋಗುತ್ತಾರೆ. ರಾತ್ರಿ 9 ಗಂಟೆ 5 ನಿಮಿಷಕ್ಕೆ ಗ್ರೇಟ್ ಟಾಮ್ ಎಂಬ ಗಂಟೆ 101 ಸಲ ಬಡಿಯುವುದು ಆ ಬೀದಿಯವರೆಗೆ ಕೇಳಿಸುತ್ತದೆ. ಆಕ್ಸ್‌ಫರ್ಡಿನ ಸೂರ್ಯ ಗ್ರೀನಿಚ್‌ಗಿಂತ ಐದು ನಿಮಿಷ ಹಿಂದಿರುವುದರಿಂದ ಅವರ ಒಂಬತ್ತು ಗಂಟೆಯಾಗುವುದೇ ಆಗ.

ವೃಂದದಲ್ಲಿ ಹದಿನಾರು ಬಾಲಕರೂ ಅವರ ಹಿಂದಿನ ಸಾಲಿನಲ್ಲಿ ಹನ್ನೆರಡು ವಯಸ್ಕರೂ ಹಾಡುವುದು ರೂಢಿ. ವಯಸ್ಕರಲ್ಲಿ ಕೆಲವರು ಸಂಬಳ ಪಡೆಯುವ ಗಾಯಕರು, ಕೆಲವರು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಬೆಳಿಗ್ಗೆ ಪಾಠಗಳಿಗೆ ಮುಂಚೆ ಹೆಚ್ಚುಕಡಿಮೆ ಒಂದು ಗಂಟೆಯ ಅಭ್ಯಾಸ, ನಡುವೆ ಪಿಯಾನೋ ಅಥವಾ ಪಿಟೀಲಿನ ಸಾಧನೆ, ಸಂಜೆ ಮತ್ತೊಮ್ಮೆ ಅಭ್ಯಾಸ, ಆಮೇಲೆ ಆರು ಗಂಟೆಗೆ ಈವನ್‌ಸಾಂಗ್ ಎಂಬ ಸಂಜೆಯ ಆರಾಧನೆ. ವಾರದ ಬಹುತೇಕ ದಿನಗಳಲ್ಲಿ ಇದು ಹೀಗೆಯೇ ನಡೆಯುತ್ತದೆ. ಇಂದು ಸಂಜೆ ಹಾಡಿದ ಕೃತಿ ಮರುದಿನಕ್ಕಿಲ್ಲ. ನಾಳೆಗೆ ಬೇರೆ ಸಂಗೀತ, ಬೈಬಲ್ಲಿನ ಬೇರೆ ಕೀರ್ತನೆ. ಹದಿನಾರನೆಯ ಶತಮಾನದ ಬರ್ಡ್, ಟ್ಯಾಲಿಸ್ ಅವರಿಂದ ಹಿಡಿದು ಕಳೆದ ವರ್ಷ ರಚಿತವಾದ ಕೃತಿಯವರೆಗೆ ಎಲ್ಲವೂ ಆ ಮಕ್ಕಳ ಮುಂದೆ ಬರುತ್ತದೆ. ಹತ್ತು ವರ್ಷದ ಹುಡುಗ ಹಿಂದೆಂದೂ ನೋಡಿರದ ಹಾಳೆಯನ್ನು ಎತ್ತಿಕೊಂಡು ನೇರವಾಗಿ ಹಾಡುವುದನ್ನು ನಾನು ಪ್ರತಿವಾರ ನೋಡುತ್ತೇನೆ, ಪ್ರತಿಸಲವೂ ಬೆರಗಾಗುತ್ತೇನೆ. ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕ ಬೈಬಲ್ಲಿನ 150 ಕೀರ್ತನೆಗಳನ್ನು ತಿಂಗಳ ಮೂವತ್ತು ದಿನಗಳಿಗೆ ಹಂಚಿದೆ. ಹದಿನೈದನೆಯ ಸಂಜೆಗೆ ಬೀಳುವ 78ನೆಯ ಕೀರ್ತನೆಗೆ ಎಪ್ಪತ್ತಕ್ಕೂ ಹೆಚ್ಚು ಚರಣಗಳಿವೆ. ಅದನ್ನು ಪೂರ್ತಿಯಾಗಿ ಹಾಡುವ ಕಡೆಗಳಲ್ಲಿ ಚಿಕ್ಕ ಹುಡುಗರು ಆ ತಾರೀಖನ್ನು ಬೆರಳಿನಲ್ಲಿ ಎಣಿಸುತ್ತಿರುತ್ತಾರೆ.

ಧರ್ಮದ ವಿಷಯದಲ್ಲಿ ನಿಮಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆಚ್ಚಿನ ಕೆಥೆಡ್ರಲ್‌ಗಳು ಬೇರೆ ಧರ್ಮದ ಮನೆಗಳ ಮಕ್ಕಳನ್ನೂ ಸ್ವಾಗತಿಸುತ್ತವೆ, ದೀಕ್ಷಾಸ್ನಾನ ಆಗಿರಲೇಬೇಕೆಂದು ಕೇಳುವುದಿಲ್ಲ. ಆದರೆ ಅಲ್ಲಿ ನಡೆಯುವುದು ಸಂಗೀತ ಕಚೇರಿಯಲ್ಲ, ಆರಾಧನೆ. ನಿಮ್ಮ ಮಗ ದಿನವೂ ಬೈಬಲ್ಲಿನಲ್ಲಿ ಬರುವ ಯೇಸುವಿನ ತಾಯಿ ಮರಿಯಳ ಸ್ತುತಿಗೀತೆಯನ್ನೂ ಸಿಮೆಯೋನನ ಗೀತೆಯನ್ನೂ ಹಾಡುತ್ತಾನೆ. ಪ್ರತಿ ಕೀರ್ತನೆಯ ಕೊನೆಯಲ್ಲಿ ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಎಂದು ಹಾಡುತ್ತಾನೆ. ಅದನ್ನು ಬರಿಯ ಸ್ವರವೆಂದುಕೊಂಡು ಹಾಡು ಎಂದು ಮಗುವಿಗೆ ಹೇಳಿಕೊಡಬೇಡಿ. ಅರ್ಥ ತಿಳಿದೇ ಹಾಡಬೇಕೆಂಬುದು ಅಲ್ಲಿಯ ಶಿಕ್ಷಣದ ಮೊದಲ ಪಾಠ. ನೀವು ಇಬ್ಬರೂ ಕುಳಿತು ಮಾತಾಡಿ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಂಡ ಮೇಲೆಯೇ ಧ್ವನಿ ಪರೀಕ್ಷೆಗೆ ಬರೆಯುವುದು ಒಳ್ಳೆಯದು.

ಉತ್ತರ 2: ಹುಬ್ಬಳ್ಳಿಯವರು, ಮಗ ಬೇರೊಂದು ಕೆಥೆಡ್ರಲ್ ಶಾಲೆಯಲ್ಲಿ ಐದು ವರ್ಷ ಹಾಡಿದವನು

ನಮಸ್ಕಾರ ಅಕ್ಕಾ. ನಿಮ್ಮ ಪ್ರಶ್ನೆ ಓದಿದಾಗ ಎಂಟು ವರ್ಷಗಳ ಹಿಂದಿನ ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಶಾಲೆಯ ಹೆಸರು ಹೇಳುವುದಿಲ್ಲ, ಅದು ಆಕ್ಸ್‌ಫರ್ಡಿನದಲ್ಲ.

ಮೊದಲ ಅವಧಿ ಕಷ್ಟದ್ದು. ಹಗಲಿನಲ್ಲಿ ಮಕ್ಕಳಿಗೆ ಅಳುವುದಕ್ಕೆ ಪುರುಸೊತ್ತಿರುವುದಿಲ್ಲ. ದೀಪ ಆರಿಸಿದ ಮೇಲೆ ಮನೆಯ ನೆನಪಾಗುತ್ತದೆ. ನಮ್ಮ ಮಗ ಮೊದಲ ಮೂರು ವಾರ ಫೋನಿನಲ್ಲಿ ಮಾತಾಡುವಾಗಲೆಲ್ಲ ಕೊನೆಯ ನಿಮಿಷದಲ್ಲಿ ಗಂಟಲು ಕಟ್ಟಿಕೊಳ್ಳುತ್ತಿದ್ದ. ಅವನನ್ನು ಉಳಿಸಿದ್ದು ದೊಡ್ಡ ಹುಡುಗರು. ಹೊಸದಾಗಿ ಬಂದ ಹುಡುಗನನ್ನು ಅನುಭವ ಇರುವ ಹುಡುಗನ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಪುಟ ಯಾವಾಗ ತಿರುಗಿಸಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಕಲಿಸುವವನು ಅವನೇ. ಮೊದಲ ವರ್ಷದ ಹುಡುಗರು ಉದ್ದನೆಯ ನಿಲುವಂಗಿಯನ್ನು ಮಾತ್ರ ತೊಡುತ್ತಾರೆ, ಅದರ ಮೇಲಿನ ಬಿಳಿಯ ಸರ್ಪ್ಲಿಸ್ ಸಿಗುವುದು ಪೂರ್ಣ ಗಾಯಕನಾದ ದಿನ. ಆ ಬಿಳಿ ಬಟ್ಟೆ ತೊಟ್ಟ ಸಂಜೆ ನಮ್ಮವನು ಫೋನು ಮಾಡಿದಾಗ ಅವನ ದನಿಯಲ್ಲಿದ್ದ ಗಾಂಭೀರ್ಯವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಿಮ್ಮ ಮನೆಯ ಪಂಚಾಂಗ ಬದಲಾಗುತ್ತದೆ ಎಂಬುದನ್ನು ಈಗಲೇ ತಿಳಿದುಕೊಳ್ಳಿ. ಬೇರೆ ಮಕ್ಕಳು ಡಿಸೆಂಬರಿನಲ್ಲಿ ರಜೆಗೆ ಹೊರಟ ಮೇಲೂ ಗಾಯಕ ಹುಡುಗರು ಶಾಲೆಯಲ್ಲೇ ಉಳಿದು ಕ್ರಿಸ್‌ಮಸ್ ದಿನದ ಬೆಳಗಿನ ಆರಾಧನೆ ಮುಗಿಸಿ ಮನೆಗೆ ಬರುತ್ತಾರೆ. ಈಸ್ಟರ್ ಸಮಯದಲ್ಲೂ ಹಾಗೆಯೇ. ನಾವು ಐದು ವರ್ಷ ಡಿಸೆಂಬರಿನಲ್ಲಿ ಊರಿಗೆ ಹೋಗಲಿಲ್ಲ. ದೀಪಾವಳಿ ವಾರದ ನಡುವೆ ಬಂದರೆ ಮಗ ಮನೆಯಲ್ಲಿರುವುದಿಲ್ಲ; ನಾವು ಬಲಿಪಾಡ್ಯಮಿಯ ಹೋಳಿಗೆಯನ್ನು ಭಾನುವಾರದವರೆಗೆ ಕಾದಿಟ್ಟಿದ್ದುಂಟು. ಊಟದ ವಿಷಯದಲ್ಲಿ ಮಾತ್ರ ನಮಗೆ ತೊಂದರೆಯಾಗಲಿಲ್ಲ, ಸಸ್ಯಾಹಾರ ಸಲೀಸಾಗಿ ಸಿಕ್ಕಿತು.

ಹಣದ ಮಾತು. ಗಾಯಕ ಹುಡುಗರ ಶುಲ್ಕದಲ್ಲಿ ದೊಡ್ಡ ಪಾಲನ್ನು ಕೆಥೆಡ್ರಲ್ ಅಥವಾ ಅದರ ನಿಧಿಗಳು ಭರಿಸುವುದು ಈ ಶಾಲೆಗಳ ಹಳೆಯ ಪದ್ಧತಿ, ಉಳಿದದ್ದೂ ಕಡಿಮೆಯೇನಲ್ಲ. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇಕಡಾ 20 ವ್ಯಾಟ್ ಬಂದಿದೆ. ಕ್ವಾಯರ್ ಸ್ಕೂಲ್ಸ್ ಅಸೋಸಿಯೇಷನ್ ಮೂಲಕ ಆದಾಯ ನೋಡಿ ಕೊಡುವ ನೆರವೂ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ವಿಲಿಯಂ ವಾಲ್ಟನ್ ಎಂಬ ಸಂಗೀತಗಾರರ ಕಥೆ ನೆನಪಿಗೆ ಬರುತ್ತದೆ. 1912ರಲ್ಲಿ ಇದೇ ಕ್ರೈಸ್ಟ್ ಚರ್ಚ್‌ನ ಧ್ವನಿ ಪರೀಕ್ಷೆಗೆ ಹೊರಡಬೇಕಾಗಿದ್ದಾಗ, ರೈಲಿನ ಹಣವನ್ನು ತಂದೆ ಹೆಂಡದಂಗಡಿಯಲ್ಲಿ ಖರ್ಚು ಮಾಡಿಬಿಟ್ಟಿದ್ದರು. ತಾಯಿ ತರಕಾರಿ ಅಂಗಡಿಯವನಲ್ಲಿ ಸಾಲ ಮಾಡಿ ಹುಡುಗನನ್ನು ಕರೆದುಕೊಂಡು ಓಲ್ಡಮ್‌ನಿಂದ ಆಕ್ಸ್‌ಫರ್ಡ್‌ಗೆ ಬಂದು ಮುಟ್ಟುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಆಕೆ ಬೇಡಿಕೊಂಡ ಮೇಲೆ ಹುಡುಗನ ಹಾಡು ಕೇಳಿದರು, ಸೇರಿಸಿಕೊಂಡರು. ಆರು ವರ್ಷ ಆ ಶಾಲೆಯಲ್ಲಿ ಬೆಳೆದ ಹುಡುಗ ಹದಿನಾರನೆಯ ವಯಸ್ಸಿಗೆ ಅದೇ ಕಾಲೇಜಿನ ವಿದ್ಯಾರ್ಥಿಯಾಗಿ, ಮುಂದೆ ಇಂಗ್ಲೆಂಡಿನ ಹೆಸರಾಂತ ರಚನಕಾರರಲ್ಲಿ ಒಬ್ಬರಾದರು.

ಕೊನೆಗೆ ಒಡೆಯುವ ದನಿಯ ಬಗ್ಗೆ. ನಮ್ಮ ಮಗನದು ಹದಿಮೂರು ತುಂಬುವ ಮೊದಲೇ ಒಡೆಯಿತು. ಅವನು ಏಕಾಂಗಿಯಾಗಿ ಹಾಡಬೇಕೆಂದು ಗೊತ್ತಾಗಿದ್ದ ಒಂದು ಕೃತಿ ಕೊನೆಯ ವಾರದಲ್ಲಿ ಮತ್ತೊಬ್ಬ ಹುಡುಗನ ಪಾಲಾಯಿತು. ಅಂದು ಅವನು ಅಳಲಿಲ್ಲ, ನಾನು ಅತ್ತೆ. ಇಷ್ಟು ಶ್ರಮದಿಂದ ಪಡೆದದ್ದು ದೇಹವೇ ಒಂದು ದಿನ ಹಿಂದಕ್ಕೆ ತೆಗೆದುಕೊಳ್ಳುವಂಥದ್ದು ಎಂಬುದನ್ನು ಸೇರಿಸುವ ದಿನವೇ ಮಗುವಿಗೆ ಮೆಲ್ಲಗೆ ತಿಳಿಸಿಡಿ. ಈಗ ಅವನು ಸಂಗೀತದ ವಿದ್ಯಾರ್ಥಿವೇತನದ ಮೇಲೆ ಹೈಸ್ಕೂಲಿನಲ್ಲಿದ್ದಾನೆ, ಆರ್ಗನ್ ನುಡಿಸುತ್ತಾನೆ.

ಉತ್ತರ 3: ಧಾರವಾಡದಿಂದ ಒಬ್ಬ ಹಿಂದುಸ್ತಾನಿ ಗಾಯಕಿ

ತಂಗೀ, ಕಂಠದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮಂದ್ರವು ಹೃದಯದಲ್ಲಿ, ಮಧ್ಯವು ಕಂಠದಲ್ಲಿ, ತಾರವು ಶಿರಸ್ಸಿನಲ್ಲಿ ಹುಟ್ಟುತ್ತದೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಆ ಹುಡುಗರನ್ನು ಪಳಗಿಸುವುದು ಮುಖ್ಯವಾಗಿ ಈ ಮೂರನೆಯ ಸ್ಥಾನದಲ್ಲಿ. ಒತ್ತಡವಿಲ್ಲದೆ, ಅಲುಗಾಟವಿಲ್ಲದೆ, ಕಲ್ಲಿನ ದೊಡ್ಡ ಗುಡಿಯನ್ನು ತುಂಬುವ ಹಾಗೆ ಸ್ವರವನ್ನು ನೇರವಾಗಿ ನಿಲ್ಲಿಸುವ ವಿದ್ಯೆ ಅದು. ಸ್ವರ ನಿಲ್ಲಿಸುವುದು ಬಂದವನಿಗೆ ನಷ್ಟವೇನೂ ಇಲ್ಲ. ನಾವು ಬೆಳಗಿನ ಜಾವ ಷಡ್ಜ ಹಿಡಿದು ಸಾಧನೆ ಮಾಡುವುದೂ ಅದಕ್ಕಾಗಿಯೇ.

ಕಷ್ಟವಿರುವುದು ಇನ್ನೊಂದು ಕಡೆ. ನಮ್ಮಲ್ಲಿ ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಹೋಗುವ ದಾರಿಯೇ ಸಂಗೀತ. ಅವರಲ್ಲಿ ಆ ದಾರಿ ಕಾಣಿಸದ ಹಾಗೆ ಸ್ವರಕ್ಕೆ ಸ್ವರ ಶುಭ್ರವಾಗಿ ಬರಬೇಕು. ದಿನಕ್ಕೆ ಎರಡು ಮೂರು ಗಂಟೆ ಗಮಕವನ್ನು ಒರೆಸಿಹಾಕುತ್ತಾ ಹಾಡಿದ ಮಗು ವಾರಕ್ಕೊಂದು ಗಂಟೆ ಗಮಕ ಕಲಿಯುವುದು ಕಷ್ಟ. ಎರಡೂ ಏಕಕಾಲಕ್ಕೆ ಪೂರ್ಣವಾಗಿ ನಡೆಯುತ್ತವೆ ಎಂದು ನಾನು ಆಸೆ ಹುಟ್ಟಿಸಲಾರೆ. ಐದು ವರ್ಷ ಅವರ ವಿದ್ಯೆ ಪ್ರಧಾನವಾಗಿರಲಿ. ರಜೆಯಲ್ಲಿ ಬಂದಾಗ ಒಳ್ಳೆಯ ಗಾಯನವನ್ನು ಕೇಳಿಸಿ. ಕೇಳಿದ ಕಿವಿ ಮರೆಯುವುದಿಲ್ಲ. ದನಿ ಒಡೆದು ಹೊಸ ಶ್ರುತಿ ನೆಲೆಗೊಂಡ ಮೇಲೆ ನಮ್ಮಲ್ಲೂ ಗಂಡುಮಕ್ಕಳು ಹೇಗೂ ಹೊಸದಾಗಿಯೇ ಆರಂಭಿಸಬೇಕಲ್ಲವೇ? ಒಂದು ಎಚ್ಚರಿಕೆ: ದನಿ ಒಡೆಯುವ ತಿಂಗಳುಗಳಲ್ಲಿ ಎಲ್ಲಿಯೇ ಆಗಲಿ, ಯಾರೇ ಆಗಲಿ, ಮೇಲಿನ ಸ್ವರಗಳಿಗೆ ಅವನನ್ನು ಒತ್ತಾಯಿಸುವುದಕ್ಕೆ ಬಿಡಬೇಡ.

ಮನೆ ಬಿಟ್ಟು ಗುರುವಿನ ಹತ್ತಿರ ಇರುವುದು ನಮಗೆ ಹೊಸದಲ್ಲ ಎಂಬುದನ್ನೂ ನೆನಪಿಸುತ್ತೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಎಷ್ಟು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು! ಅಲ್ಲಿಂದ ಬಂದ ಒಬ್ಬರ ತಬಲಾ ಸಾಥ್ ನನಗೆ ಹಲವು ಸಲ ದೊರಕಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸುತ್ತಲೂ ಸಂಗೀತವೇ ಇರುವ ಕಡೆ ಬೆಳೆದ ಕೈ ಬೇರೆಯೇ ಇರುತ್ತದೆ.

ಉತ್ತರ 4: ಲಂಡನ್ನಿನಿಂದ, ಒಂಬತ್ತನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದ ಒಬ್ಬರು

ಮೇಲಿನ ಮೂವರ ಮಾತನ್ನೂ ಗೌರವದಿಂದ ಓದಿದೆ. ಆದರೂ ತಾಯಿಯ ಭಯವನ್ನು ಯಾರೂ ಪೂರ್ತಿಯಾಗಿ ಎದುರಿಸಲಿಲ್ಲವೆಂದು ನನಗೆ ಅನಿಸುತ್ತದೆ. ನಾನು ಕರ್ನಾಟಕದ ಒಂದು ಹಾಸ್ಟೆಲಿನಲ್ಲಿ ಏಳು ವರ್ಷ ಇದ್ದೆ. ಅಲ್ಲಿ ನಡೆದ ಕೆಲವು ಸಂಗತಿಗಳನ್ನು ಮನೆಯಲ್ಲಿ ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು. ಆದ್ದರಿಂದ ಸಂಗೀತದ ಮಾತಿಗೆ ಮುಂಚೆ ರಕ್ಷಣೆಯ ಮಾತಾಡಬೇಕು.

ಜರ್ಮನಿಯ ರೇಗನ್ಸ್‌ಬುರ್ಗ್ ಕೆಥೆಡ್ರಲ್‌ನ ಬಾಲಕರ ವೃಂದ ಸಾವಿರ ವರ್ಷಗಳ ಇತಿಹಾಸವುಳ್ಳದ್ದು, ಲೋಕಪ್ರಸಿದ್ಧವಾದದ್ದು. 2017ರಲ್ಲಿ ಹೊರಬಂದ ತನಿಖಾ ವರದಿಯ ಪ್ರಕಾರ ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅದರ ಶಾಲೆಗಳಲ್ಲಿ ಕನಿಷ್ಠ 547 ಹುಡುಗರು ಹೊಡೆತಕ್ಕೆ ಇಲ್ಲವೇ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದರು. ಕೇಳುವವರಿಗೆ ಅಷ್ಟು ಸುಂದರವಾಗಿ ಹಾಡುತ್ತಿದ್ದ ಮಕ್ಕಳ ಹಿಂದೆ ಅದು ಇತ್ತು. ಇಂದಿನ ಇಂಗ್ಲೆಂಡಿನ ಶಾಲೆಗಳು ಹಾಗಿವೆ ಎಂದು ನಾನು ಹೇಳುತ್ತಿಲ್ಲ. ಕಾನೂನು ಬಿಗಿಯಾಗಿದೆ, ತಪಾಸಣೆಯಿದೆ. ಆದರೆ ಹಾಡು ಚೆನ್ನಾಗಿದೆ ಎಂಬುದು ಮಗು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಖಾಸಗಿ ಶಾಲೆಗಳ ತಪಾಸಣಾ ಮಂಡಳಿಯ ವರದಿಗಳು ಎಲ್ಲರಿಗೂ ಸಿಗುತ್ತವೆ, ಅವುಗಳಲ್ಲಿ ಬೋರ್ಡಿಂಗ್ ಕುರಿತ ಭಾಗವನ್ನು ಓದಿ. ರಾತ್ರಿ ಮಕ್ಕಳ ಜೊತೆ ಇರುವವರು ಯಾರು, ಶಾಲೆಗೆ ಸಂಬಂಧಪಡದ ಯಾವ ಹಿರಿಯರ ಬಳಿ ಮಗು ದೂರು ಹೇಳಬಹುದು, ಕೇಳಿದಾಗ ಖಾಸಗಿಯಾಗಿ ಮನೆಗೆ ಫೋನು ಮಾಡಬಹುದೇ ಎಂಬುದನ್ನು ನೇರವಾಗಿ ಕೇಳಿ. ಅಭ್ಯಾಸದಲ್ಲಿ ಒಬ್ಬ ಹುಡುಗ ತಪ್ಪು ಮಾಡಿದಾಗ ಗುರುಗಳು ಹೇಗೆ ಮಾತಾಡುತ್ತಾರೆ ಎಂಬುದನ್ನು ಕುಳಿತು ನೋಡಲು ಅನುಮತಿ ಕೇಳಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಶಾಲೆಯಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು. ಪೂರ್ಣಾವಧಿಯ ಬೋರ್ಡಿಂಗ್ ಇಲ್ಲದೆ ಈ ವಿದ್ಯೆಯೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್, ಅದು ಕ್ಯಾಥೊಲಿಕರದು, ತನ್ನ ಶಾಲೆಯ ಗಾಯಕ ಬಾಲಕರನ್ನು 2019ರಿಂದ ಶುಕ್ರವಾರ ಮನೆಗೆ ಕಳುಹಿಸಿ ಭಾನುವಾರ ಕರೆಸಿಕೊಳ್ಳುವ ಏರ್ಪಾಟು ಮಾಡಿತು. ಸಂಗೀತದ ಮಟ್ಟ ಕುಸಿಯುತ್ತದೆ ಎಂದು ಸಂಗೀತಗಾರರಿಂದ ಬಲವಾದ ವಿರೋಧ ಬಂತು, ಅಲ್ಲಿಯ ಸಂಗೀತ ನಿರ್ದೇಶಕರು ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ನಾನು ಆ ವಿವಾದದಲ್ಲಿ ಮಕ್ಕಳನ್ನು ಮನೆಗೆ ಕಳುಹಿಸಿದವರ ಪರ. ಹುಡುಗರಿಗೆ ಮಾತ್ರ ಎಂಬ ಕಟ್ಟಳೆಯೂ ಸಡಿಲುತ್ತಾ ಬಂದಿದೆ: ಸಾಲ್ಸ್‌ಬರಿಯಲ್ಲಿ 1991ರಲ್ಲಿಯೇ ಹುಡುಗಿಯರ ವೃಂದ ಆರಂಭವಾಯಿತು. ಮನೆಯಲ್ಲಿದ್ದುಕೊಂಡೇ ಹಾಡಲು ಬಿಡುವ ಕೆಥೆಡ್ರಲ್‌ಗಳು ಇವೆ, ಚೆನ್ನಾಗಿ ಕಲಿಸುವ ಊರ ಚರ್ಚುಗಳೂ ಇವೆ. ಒಂದು ವರ್ಷ ಅಂಥ ಕಡೆ ಹಾಡಿಸಿ ನೋಡುವುದರಿಂದ ಕಳೆದುಕೊಳ್ಳುವುದೇನು?

ಉತ್ತರ 5: ಮತ್ತೆ ಮಂಗಳೂರಿನ ಟೆನರ್ ಗಾಯಕರು

ಲಂಡನ್ನಿನವರ ಪ್ರಶ್ನೆಗಳನ್ನು ಒಂದೂ ಬಿಡದೆ ಕೇಳಿ ಎಂದು ನಾನೂ ಹೇಳುತ್ತೇನೆ. ಅವರ ಕೊನೆಯ ಸಲಹೆಯ ಬಗ್ಗೆ ಮಾತ್ರ ಒಂದು ತಿದ್ದುಪಡಿಯಿದೆ: ಒಂಬತ್ತನೆಯ ವರ್ಷ ದಾಟಿದರೆ ಕೆಲವು ವೃಂದಗಳಲ್ಲಿ ಅವಕಾಶ ಕಡಿಮೆಯಾಗುತ್ತದೆ, ಏಕೆಂದರೆ ಒಬ್ಬ ಹುಡುಗ ಪಳಗಲು ಎರಡು ವರ್ಷ ಬೇಕು, ಪಳಗಿದ ಮೇಲೆ ಹಾಡಲು ಸಿಗುವುದು ಮೂರೇ ವರ್ಷ. ಹದಿನೆಂಟನೆಯ ಶತಮಾನದ ಪ್ರಸಿದ್ಧ ರಚನಕಾರ ಹೇಡನ್ ಎಂಟನೆಯ ವಯಸ್ಸಿಗೆ ವಿಯೆನ್ನಾದ ಸಂತ ಸ್ಟೀಫನ್ ಕೆಥೆಡ್ರಲ್ ಸೇರಿ ಹದಿನೇಳರ ಹೊತ್ತಿನವರೆಗೆ ಅಲ್ಲಿದ್ದರು. ಇಂದಿನ ಹುಡುಗರ ದನಿ ಅಷ್ಟು ಕಾಲ ಕಾಯುವುದಿಲ್ಲ.

ಧ್ವನಿ ಪರೀಕ್ಷೆಗೆ ಭಯಪಡಬೇಕಾಗಿಲ್ಲ. ಮಗು ತನಗಿಷ್ಟವಾದ ಒಂದು ಹಾಡನ್ನು ಹಾಡುತ್ತದೆ. ಪಿಯಾನೋದಲ್ಲಿ ನುಡಿಸಿದ ಸಣ್ಣ ಸ್ವರಗುಚ್ಛವನ್ನು ಹಾಗೆಯೇ ಹಾಡಿ ತೋರಿಸಬೇಕು. ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದಾಗ ನಡುವಿನದು ಯಾವುದೆಂದು ಹಾಡಬೇಕು. ಒಂದು ಪುಟ ಗಟ್ಟಿಯಾಗಿ ಓದಿಸುವುದುಂಟು, ಏಕೆಂದರೆ ಸಂಗೀತದ ಜೊತೆಗೆ ಪದಗಳೂ ಸರಸರನೆ ನಾಲಿಗೆಗೆ ಬರಬೇಕು. ಜಂಟಿ ವರಸೆ ಹಾಡುವ ಹುಡುಗನಿಗೆ ಕೇಳಿದ್ದನ್ನು ತಿರುಗಿ ಹಾಡುವುದು ನೀರು ಕುಡಿದಷ್ಟು ಸುಲಭ. ಅದಕ್ಕೆ ಮುಂಚೆ ಒಂದು ಸಂಜೆ ಈವನ್‌ಸಾಂಗ್‌ಗೆ ಹೋಗಿ ಕುಳಿತುಕೊಳ್ಳಿ. ಪ್ರವೇಶಕ್ಕೆ ಹಣವಿಲ್ಲ, ಯಾರು ಬೇಕಾದರೂ ಹೋಗಬಹುದು.

ಪ್ರಶ್ನೆ ಕೇಳಿದವರು: ರೆಡಿಂಗ್‌ನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಪ್ರತಿಯೊಂದು ಉತ್ತರವನ್ನೂ ನಮ್ಮವರಿಗೆ ಓದಿ ಹೇಳಿದೆ. ಗುರುವಾರ ಮೂವರೂ ರೈಲಿನಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಈವನ್‌ಸಾಂಗ್‌ನಲ್ಲಿ ಕುಳಿತೆವು. ಗಾಯಕರು ಎರಡು ಸಾಲಾಗಿ ಎದುರುಬದುರು ನಿಂತು, ಒಂದು ಕಡೆಯವರು ಒಂದು ಚರಣ, ಇನ್ನೊಂದು ಕಡೆಯವರು ಮರುಚರಣ ಹಾಡಿದಾಗ ನನಗೆ ನಮ್ಮೂರ ದೇವಸ್ಥಾನದ ವೇದಘೋಷದ ನೆನಪಾಯಿತು. ಮರಿಯಳ ಗೀತೆಯ ಅರ್ಥವನ್ನು ಹೋಗುವ ದಾರಿಯಲ್ಲೇ ಮಗನಿಗೆ ಹೇಳಿದ್ದೆ: ಹಸಿದವರಿಗೆ ಒಳ್ಳೆಯದನ್ನು ಉಣಿಸಿ ಬಲಿಷ್ಠರನ್ನು ಪೀಠದಿಂದ ಇಳಿಸಿದವನನ್ನು ಒಬ್ಬ ತಾಯಿ ಹೊಗಳುವ ಹಾಡು ಎಂದು. ಅದನ್ನು ನನ್ನ ಮಗ ಹಾಡಿದರೆ ನನ್ನ ಮನೆಯ ದೇವರು ಮುನಿಯುವುದಿಲ್ಲ ಎಂದು ನನಗೆ ಅಲ್ಲಿ ಕುಳಿತಾಗ ಅನಿಸಿತು. ಧರ್ಮದ ಪ್ರಶ್ನೆ ನಮ್ಮಿಬ್ಬರ ನಡುವೆ ಅಲ್ಲಿಗೆ ಮುಗಿಯಿತು.

ಬೋರ್ಡಿಂಗ್‌ನ ಪ್ರಶ್ನೆ ಮುಗಿದಿಲ್ಲ. ಲಂಡನ್ನಿನ ಸಹೋದರರು ಬರೆದ ಪ್ರಶ್ನೆಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು, ಶಾಲೆಗೆ ಭೇಟಿ ಕೊಡಲು ದಿನ ಕೇಳಿದ್ದೇವೆ. ಅಭ್ಯಾಸ ನೋಡಲು ಅನುಮತಿಯನ್ನೂ ಕೇಳಿದ್ದೇವೆ. ತಪಾಸಣೆಯ ವರದಿಯನ್ನು ನಮ್ಮವರು ಓದುತ್ತಿದ್ದಾರೆ. ಮನೆಯಲ್ಲಿದ್ದುಕೊಂಡೇ ಹಾಡಬಹುದಾದ ವೃಂದ ನಮ್ಮ ಹತ್ತಿರದಲ್ಲಿದೆಯೇ ಎಂದು ಸಂಗೀತದ ಮೇಷ್ಟ್ರನ್ನು ವಿಚಾರಿಸಿದ್ದೇನೆ. ಮಗ ಹಿಂತಿರುಗುವ ರೈಲಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಮುಂದಿನ ಸಾಲಿನ ಕೊನೆಯಲ್ಲಿ ಬಿಳಿ ಬಟ್ಟೆಯಿಲ್ಲದೆ ನಿಂತಿದ್ದ ಇಬ್ಬರು ಪುಟ್ಟ ಹುಡುಗರು ರಾತ್ರಿ ಒಂದೇ ಕೋಣೆಯಲ್ಲಿ ಮಲಗುತ್ತಾರೆಯೇ ಎಂದು ಕೇಳಿದ. ಶಾಲೆಯವರನ್ನು ಕೇಳಬೇಕಾದ ಪ್ರಶ್ನೆಗಳ ಕಾಗದದಲ್ಲಿ ಅದನ್ನೂ ಬರೆದುಕೊಂಡಿದ್ದೇನೆ.